ಪಿಪಿಟಿ ಶಾಸನಗಳು: ಶೋಧನೆ, ಸಂಪಾದನೆ ಮತ್ತು ಪಠನವಿಧಿ

ಪೀಠಿಕೆ

ಹಲ್ಮಿಡಿ ಶಾಸನದಲ್ಲಿರುವುದು ಹದಿನಾರು ಸಾಲು. ಕ್ರಿ.ಶ. 450ರ ಸುಮಾರಿಗೆ ಕಂಡರಿಸಿದ ಆ ಕಲ್ಲನ್ನು ಎಂ.ಎಚ್. ಕೃಷ್ಣ ಅವರು 1936ರಲ್ಲಿ ಬೆಳಕಿಗೆ ತಂದ ಮೇಲೆ ನಮ್ಮ ವಿದ್ವಾಂಸರು ಅದರ ಬಗ್ಗೆ ಬರೆದ ಪುಟಗಳಿಗೆ ಲೆಕ್ಕವಿಲ್ಲ. ಆದರೆ ನಾಡಿನ ಪದವಿ ಕಾಲೇಜುಗಳ ಗೋಡೆಗಳ ಮೇಲೆ ದಿನವೂ ಮೂಡಿ, ಗಂಟೆ ಹೊಡೆದೊಡನೆ ಮಾಯವಾಗುವ ಸಾವಿರಾರು ಸಾಲುಗಳ ಶಾಸನರಾಶಿಯ ಕಡೆಗೆ ಒಬ್ಬನೇ ಒಬ್ಬ ಸಂಶೋಧಕ ಕಣ್ಣೆತ್ತಿ ನೋಡಿಲ್ಲ. (ಹಾಗೆ ನೋಡದವರಲ್ಲಿ ಆಯಾ ತರಗತಿಯ ವಿದ್ಯಾರ್ಥಿಗಳೂ ಸೇರಿದ್ದಾರೆಂಬುದು ಬೇರೆ ಮಾತು.) ಈ ಕೊರತೆಯನ್ನು ನೀಗುವುದೇ ಪ್ರಸ್ತುತ ಪ್ರಬಂಧದ ಉದ್ದೇಶ. ವಿಶ್ವವಿದ್ಯಾಲಯದ ಅಧ್ಯಾಪಕರಿಗೆ ಇದು ಪ್ರಾಯೋಗಿಕ ಕೈಪಿಡಿಯಾಗಿಯೂ ಒದಗಬಹುದು. ಪ್ರಬಂಧಕಾರನ ಬಡ್ತಿಗಂತೂ ಒದಗಿಯೇ ಒದಗುತ್ತದೆ.

ಕಾಲನಿರ್ಣಯ

ಶಿಲಾಶಾಸನ, ತಾಮ್ರಶಾಸನಗಳ ಸಾಲಿನಲ್ಲಿ ಇದನ್ನು ದ್ಯುತಿಶಾಸನವೆಂದು ಕರೆಯೋಣ. ಇದರ ಹುಟ್ಟಿನ ಬಗ್ಗೆ ವಿವಾದವಿಲ್ಲ. ರಾಬರ್ಟ್ ಗ್ಯಾಸ್ಕಿನ್ಸ್ 1984ರಲ್ಲಿ ಯೋಚಿಸಿದ್ದನ್ನು ಫೋರ್‌ಥಾಟ್ ಎಂಬ ಸಣ್ಣ ಕಂಪನಿ 1987ರಲ್ಲಿ ಪವರ್‌ಪಾಯಿಂಟ್ ಎಂಬ ಹೆಸರಿನಿಂದ ಮಾರುಕಟ್ಟೆಗೆ ಬಿಟ್ಟಿತು. ಅದೇ ವರ್ಷ ಮೈಕ್ರೋಸಾಫ್ಟ್ ಆ ಕಂಪನಿಯನ್ನು 1.4 ಕೋಟಿ ಡಾಲರಿಗೆ ಕೊಂಡುಕೊಂಡಿತು. ಕಚೇರಿಯ ಮೀಟಿಂಗುಗಳಿಗೆಂದು ಹುಟ್ಟಿದ ಈ ವಸ್ತು ಹಳಗನ್ನಡದ ತರಗತಿಗೆ ಬಂದದ್ದು ಹೇಗೆಂಬುದು ಸ್ವಾರಸ್ಯದ ಪ್ರಶ್ನೆ. 1994ರಲ್ಲಿ ಬೆಂಗಳೂರನ್ನು ಕೇಂದ್ರವಾಗಿಸಿಕೊಂಡು ನ್ಯಾಕ್ ಸ್ಥಾಪನೆಯಾಯಿತು. ಕಾಲೇಜುಗಳನ್ನು ಅಳೆದು ಶ್ರೇಣಿ ಕೊಡುವ ಆ ಸಂಸ್ಥೆ ಕೇಳುವ ನೂರೆಂಟು ಸಂಗತಿಗಳಲ್ಲಿ ಐಸಿಟಿ ಸೌಲಭ್ಯವಿರುವ ಕೊಠಡಿಗಳ ಸಂಖ್ಯೆಯೂ ಒಂದು. ಹುಡುಗರು ಕಲಿತದ್ದನ್ನು ಫೋಟೊ ತೆಗೆಯಲು ಬರುವುದಿಲ್ಲ. ಪ್ರೊಜೆಕ್ಟರನ್ನು ತೆಗೆಯಬಹುದು, ಜಿಯೋಟ್ಯಾಗ್ ಸಮೇತ. ಮಿಕ್ಕಿದ್ದನ್ನು ಇತಿಹಾಸ ತಾನಾಗಿ ನೋಡಿಕೊಂಡಿತು.

ಇದಕ್ಕೂ ಮೊದಲು ಯಂತ್ರಗಳು ಗುರುಗಳನ್ನು ಹಿಮ್ಮೆಟ್ಟಿಸಲು ಬಂದದ್ದುಂಟು. ಶಾಲೆಗಳಲ್ಲಿ ಪುಸ್ತಕದ ಕಾಲ ಮುಗಿಯುತ್ತ ಬಂತು, ಇನ್ನು ಚಲನಚಿತ್ರವೇ ಪಾಠ ಹೇಳುತ್ತದೆ, ಹತ್ತು ವರ್ಷದಲ್ಲಿ ಎಲ್ಲವೂ ಬದಲಾಗುತ್ತದೆ ಎಂದು ಥಾಮಸ್ ಎಡಿಸನ್ ಹೇಳಿದ್ದು 1913ರಲ್ಲಿ. ನಮ್ಮಲ್ಲಿ 2004ರ ಸೆಪ್ಟೆಂಬರ್ 20ರಂದು ಶ್ರೀಹರಿಕೋಟದಿಂದ ಎಜುಸ್ಯಾಟ್ ಹಾರಿತು. ಪಾಠಕ್ಕೆಂದೇ ಮೀಸಲಾಗಿದ್ದ ಆ ಉಪಗ್ರಹ ಯೋಜನೆಯ ಮೊದಲ ಪ್ರಯೋಗಗಳಲ್ಲಿ ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಕಾಲೇಜುಗಳೂ ಇದ್ದವು. ಭೂಮಿಯಿಂದ 36,000 ಕಿಲೋಮೀಟರ್ ಮೇಲೆ ಹೋಗಿಬಂದ ಉಪನ್ಯಾಸವೂ ಉಪನ್ಯಾಸವಾಗಿಯೇ ಇಳಿಯಿತು. ನಮ್ಮ ಪರಂಪರೆಯ ಗಟ್ಟಿತನ ಅಂಥದು.

ಆಕರ ಪ್ರತಿಗಳು

ಪ್ರಸ್ತುತ ಸಂಪಾದನೆಗೆ ಮೂರು ಪ್ರತಿಗಳನ್ನು ಬಳಸಲಾಗಿದೆ.

‘ಕ’ ಪ್ರತಿಯು ವಿಭಾಗದ ಕಂಪ್ಯೂಟರಿನಲ್ಲಿ ‘ನ್ಯೂ ಫೋಲ್ಡರ್’ ಎಂಬ ಹಳೆಯ ಫೋಲ್ಡರಿನೊಳಗೆ ದೊರೆತದ್ದು. ಕಡತದ ಹೆಸರು ‘ಯೂನಿಟ್ 2 ಫೈನಲ್ ಫೈನಲ್’. ಅದರ ಪಕ್ಕದಲ್ಲೇ ‘ಯೂನಿಟ್ 2 ಫೈನಲ್ ಕರೆಕ್ಟೆಡ್’ ಎಂಬುದೂ ಇದ್ದು, ಇವೆರಡರಲ್ಲಿ ಯಾವುದು ಮೊದಲನೆಯದೆಂದು ಪಂಡಿತರಲ್ಲಿ ಒಮ್ಮತವಿಲ್ಲ. ‘ಪ’ ಪ್ರತಿಯು ಪೆನ್‌ಡ್ರೈವ್ ಪ್ರತಿ. ನಿವೃತ್ತರಾದ ಹಿರಿಯರಿಂದ ಅತಿಥಿ ಉಪನ್ಯಾಸಕರಿಗೆ, ಅವರು ಮುಂದಿನ ವರ್ಷ ಬೇರೆ ಊರಿನ ಕಾಲೇಜಿಗೆ ಹೋಗುವಾಗ ಅಲ್ಲಿಯವರಿಗೆ, ಹೀಗೆ ಕೈಯಿಂದ ಕೈಗೆ ಸಾಗಿಬಂದದ್ದು. ತಾಳೆಗರಿಗೆ ಗೆದ್ದಲು ಹಿಡಿದಂತೆ ಇದಕ್ಕೆ ವೈರಸ್ ತಗುಲಿ ಎಲ್ಲ ಕಡತಗಳೂ ಶಾರ್ಟ್‌ಕಟ್‌ಗಳಾಗಿ ಹೋಗಿದ್ದವು. ಬಹಳ ಶ್ರಮದಿಂದ ಉದ್ಧರಿಸಲಾಯಿತು. ‘ವ’ ಪ್ರತಿಯು ವಾಟ್ಸ್‌ಆ್ಯಪ್ ಗುಂಪಿನಲ್ಲಿ ಪರೀಕ್ಷೆಯ ಹಿಂದಿನ ರಾತ್ರಿ ಪ್ರಕಟವಾಗಿ, ‘ಸಾರ್, ಓಪನ್ ಆಗ್ತಿಲ್ಲ’ ಎಂಬ ಟೀಕೆಗಳ ಸಹಿತ ಲಭ್ಯವಾದದ್ದು.

ಮೂರೂ ಪ್ರತಿಗಳ ಏಳನೆಯ ಸ್ಲೈಡಿನಲ್ಲಿ ಬೆಂಜಮಿನ್ ಬ್ಲೂಮ್ ಕಲಿಕೆಯ ವರ್ಗೀಕರಣವನ್ನು ಪ್ರಕಟಿಸಿದ ವರ್ಷ 1965 ಎಂದಿದೆ. 1956 ಎಂದಿರಬೇಕು. ಸಮಾನ ಸ್ಖಾಲಿತ್ಯವು ಸಮಾನ ಮೂಲವನ್ನು ಸೂಚಿಸುತ್ತದೆ ಎಂಬುದು ಗ್ರಂಥಸಂಪಾದನೆಯ ಮೊದಲ ಪಾಠ. ಆದ್ದರಿಂದ ಇವೆಲ್ಲವೂ ಒಂದೇ ಮಾತೃಕೆಯಿಂದ ಇಳಿದವು. ಆದರೆ ಅಂಕಿಯನ್ನು ತಿದ್ದುವಂತಿಲ್ಲ. ವಿದ್ಯಾರ್ಥಿಗಳು ಪರೀಕ್ಷೆಯಲ್ಲಿ 1965 ಎಂದೇ ಬರೆದು, ಮೌಲ್ಯಮಾಪಕರು ಅದಕ್ಕೇ ಅಂಕ ಕೊಟ್ಟು ಬಹುಕಾಲವಾಗಿರುವುದರಿಂದ ಅದೇ ಈಗ ಅಂಗೀಕೃತ ಪಾಠ. 1956 ಎಂದು ಬರೆದವನ ಅಂಕ ಕಳೆಯಬೇಕೇ ಎಂಬ ಬಗ್ಗೆ ಅಧ್ಯಯನ ಮಂಡಳಿಯ ಅಭಿಪ್ರಾಯ ಕೇಳಲಾಗಿದೆ.

ಇನ್ನೊಂದು ತೊಡಕು. ಹನ್ನೊಂದನೆಯ ಸ್ಲೈಡಿನ ಕೆಳಗೆ ‘ಮುಂದಿನ ಗುರುವಾರ ಕ್ವಿಜ್ ಇದೆ, ಓದಿಕೊಂಡು ಬನ್ನಿ’ ಎಂಬರ್ಥದ ಇಂಗ್ಲಿಷ್ ಸಾಲಿದೆ. ಅಂಥ ಕ್ವಿಜ್ ನಡೆದ ಉಲ್ಲೇಖ ನಮ್ಮ ಯಾವ ಕಾಲೇಜಿನ ದಾಖಲೆಯಲ್ಲೂ ಸಿಗದ ಕಾರಣ ಇದನ್ನು ಪ್ರಕ್ಷಿಪ್ತವೆಂದು ಬಗೆದು ಬಿಡಲಾಗಿದೆ. ಸ್ಲೈಡಿನ ಮೂಲೆಯಲ್ಲಿ ಅಮೆರಿಕದ ಯಾವುದೋ ಕಾಲೇಜಿನ ಲಾಂಛನ ಅರ್ಧ ಅಳಿಸಿ ಉಳಿದಿರುವುದನ್ನು ನೋಡಿದರೆ, ಮಾತೃಕೆಯ ದೇಶದ ಬಗ್ಗೆಯೂ ಊಹೆ ಮಾಡಬಹುದು.

ಲಿಪಿಯ ಸಮಸ್ಯೆ

ಸಿಂಧೂ ಲಿಪಿಯಂತೆ ಇದುವರೆಗೆ ಯಾರೂ ಓದಲಾಗದ ಒಂದು ಲಿಪಿ ಈ ಶಾಸನಗಳಲ್ಲಿದೆ. ಮನೆಯ ಕಂಪ್ಯೂಟರಿನಲ್ಲಿ ಅಚ್ಚಗನ್ನಡವಾಗಿದ್ದ ಸ್ಲೈಡು ತರಗತಿಯ ಕಂಪ್ಯೂಟರಿನಲ್ಲಿ ತೆರೆದಾಗ ಬಾಲ ಕೊಂಬುಗಳುಳ್ಳ ರೋಮನ್ ಅಕ್ಷರಗಳ ಸಂತೆಯಾಗುತ್ತದೆ. ‘ನುಡಿ’ ತಂತ್ರಾಂಶದ ಹಳೆಯ ಆಸ್ಕಿ ಫಾಂಟುಗಳಲ್ಲಿ ಟೈಪಿಸಿದ್ದು ಆ ಫಾಂಟು ಇಲ್ಲದ ಕಡೆ ಹೀಗಾಗುತ್ತದೆ ಎಂದು ಲೌಕಿಕರು ವಿವರಿಸುತ್ತಾರೆ. ಯೂನಿಕೋಡಿನಲ್ಲಿ ಟೈಪಿಸಿದರೆ, ಅದೂ ಬೇಡವೆಂದರೆ ಪಿಡಿಎಫ್ ಮಾಡಿಕೊಂಡು ಒಯ್ದರೆ, ಈ ಕಾಟವಿಲ್ಲವೆಂದೂ ಹೇಳುತ್ತಾರೆ. ಅಷ್ಟು ಸುಲಭದ ಪರಿಹಾರವನ್ನು ಸಂಶೋಧನೆಯೆಂದು ಒಪ್ಪಲಾಗದು. ಇಂಥ ಸಂದರ್ಭದಲ್ಲಿ ಅಧ್ಯಾಪಕರು ಗೋಡೆಯತ್ತ ಗಂಭೀರವಾಗಿ ನೋಡಿ, ‘ಇದು ನಿಮಗೆ ಗೊತ್ತಿರುವ ವಿಷಯವೇ’ ಎಂದು ಮುಂದಿನ ಸ್ಲೈಡಿಗೆ ಹೋಗತಕ್ಕದ್ದು.

ಶಾಸನದ ಅಂಗಗಳು

ಕಲ್ಲಿನ ಶಾಸನ ಹೇಗೆ ಸ್ವಸ್ತಿವಾಚನದಿಂದ ಆರಂಭವಾಗುತ್ತದೋ ಇದು ಕಾಲೇಜಿನ ಲಾಂಛನ ಮತ್ತು ನ್ಯಾಕ್ ಶ್ರೇಣಿಯಿಂದ ಆರಂಭವಾಗುತ್ತದೆ. ಅನಂತರ ರಾಜವಂಶದ ಪ್ರಶಸ್ತಿಯ ಜಾಗದಲ್ಲಿ ವಿಷನ್, ಮಿಷನ್. ದತ್ತಿ ಭೂಮಿಯ ಮೂಡಣ ಪಡುವಣ ಎಲ್ಲೆಗಳನ್ನು ಹೇಳುವಲ್ಲಿ ಕೋರ್ಸ್ ಔಟ್‌ಕಮ್‌ಗಳು, ಅವಕ್ಕೂ ಪ್ರೋಗ್ರಾಂ ಔಟ್‌ಕಮ್‌ಗಳಿಗೂ ಗಂಟು ಹಾಕುವ ಒಂದು ಕೋಷ್ಟಕ. ಅದರ ಮನೆಗಳಲ್ಲಿ 1, 2, 3 ಎಂಬ ಅಂಕಿಗಳನ್ನು ತುಂಬುವ ಕ್ರಮವನ್ನು ಗುರುಮುಖೇನವೇ ತಿಳಿಯಬೇಕು. ಸಾಕ್ಷಿಗಳ ಪಟ್ಟಿಗೆ ಬದಲಾಗಿ ಹಾಜರಿ. ಶೇ. 75 ಆಗದಿದ್ದರೆ ಪರೀಕ್ಷೆಗೆ ಬಿಡುವುದಿಲ್ಲವಾದ್ದರಿಂದ ಸಾಕ್ಷಿಗಳಿಗೇನೂ ಕೊರತೆಯಿಲ್ಲ, ಕೆಲವರು ಇಬ್ಬಿಬ್ಬರ ಪರವಾಗಿ ಸಾಕ್ಷಿ ನುಡಿಯುವುದೂ ಉಂಟು.

ದಾನವಸ್ತು, ಅಂದರೆ ಪಾಠ, ಇವುಗಳ ನಡುವೆ ಎಲ್ಲೋ ಇರುತ್ತದೆ.

ಕೊನೆಯದು ಶಾಪಾಶಯ. ಈ ಧರ್ಮವನ್ನು ಅಳಿದವನು ವಾರಣಾಸಿಯಲ್ಲಿ ಕವಿಲೆಗಳನ್ನು ಕೊಂದ ಪಾಪಕ್ಕೆ ಹೋಗುತ್ತಾನೆಂದು ನಮ್ಮ ಹಿರಿಯರು ಕೊರೆಸುತ್ತಿದ್ದರು. ದ್ಯುತಿಶಾಸನದಲ್ಲಿ ಅದರ ಸ್ಥಾನದಲ್ಲಿ ಗುಲಾಬಿ ಹೂವಿನ ಚಿತ್ರ, ‘ಥ್ಯಾಂಕ್ ಯೂ’, ಅದರ ಕೆಳಗೆ ‘ಎನಿ ಕ್ವೆಶ್ಚನ್ಸ್?’ ಎಂದಿರುತ್ತದೆ. ಗಂಟೆ ಹೊಡೆಯಲು ಅರ್ಧ ನಿಮಿಷವಿರುವಾಗ ಪ್ರಶ್ನೆ ಕೇಳಿದವನ ಗತಿ ಏನೆಂಬುದು ಅವನ ಸಹಪಾಠಿಗಳ ಮುಖ ನೋಡಿದರೆ ತಿಳಿಯುತ್ತದೆ. ಕವಿಲೆಯ ಪಾಪವೇ ವಾಸಿ.

ಪಠನವಿಧಿ

ಅಧ್ಯಾಪಕನು ತರಗತಿಗೆ ಬೆನ್ನು ಮಾಡಿ, ಗೋಡೆಗೆ ಮುಖ ಮಾಡಿ, ಬರೆದಿರುವುದನ್ನು ಬರೆದಿರುವಂತೆಯೇ ಓದತಕ್ಕದ್ದು. ಕೇಬಲ್ ಕೈಕೊಟ್ಟು ನೀಲಿ ಪರದೆಯ ಮೇಲೆ ‘ನೋ ಸಿಗ್ನಲ್’ ಎಂದು ಬಂದರೆ ಅದನ್ನೂ ಓದಬಹುದು. ಅಷ್ಟರಲ್ಲಿ ಅಟೆಂಡರ್ ಬಂದು ವಿಂಡೋಸ್ ಕೀಲಿಯ ಜೊತೆ ‘ಪಿ’ ಒತ್ತಿ ಸರಿಮಾಡಿ ಹೋಗುತ್ತಾರೆ. ಕಾಲೇಜಿನ ತಂತ್ರಜ್ಞಾನ ಪರಂಪರೆ ನಿಂತಿರುವುದು ಅವರ ಮೇಲೆ, ಆದರೆ ತರಬೇತಿಗೆ ಅವರನ್ನು ಯಾರೂ ಕರೆಯುವುದಿಲ್ಲ.

ಇಲ್ಲಿ ಒಂದು ಪೂರ್ವಪಕ್ಷ. ಕ್ಯಾಲಿಫೋರ್ನಿಯಾದ ಮನೋವಿಜ್ಞಾನಿ ರಿಚರ್ಡ್ ಮೇಯರ್ ಹೇಳುವುದೇನೆಂದರೆ, ಚಿತ್ರ ತೋರಿಸಿ ಬಾಯಲ್ಲಿ ವಿವರಿಸಿದರೆ ಕಲಿಕೆ ಚೆನ್ನಾಗಿ ಆಗುತ್ತದೆ. ಅದೇ ವಿವರಣೆಯನ್ನು ಪರದೆಯ ಮೇಲೂ ಬರೆದು ಓದಿದರೆ ಕಲಿಕೆ ಕುಗ್ಗುತ್ತದೆ. ಕಣ್ಣು ಓದುವ ವೇಗ ಬೇರೆ, ಕಿವಿ ಕೇಳುವ ವೇಗ ಬೇರೆ, ಎರಡೂ ಜಗ್ಗಾಡಿ ತಲೆ ದಣಿಯುತ್ತದೆ. ಸಮಾಧಾನ: ಸಾಲುಗಳನ್ನು ತೆಗೆದು ಬರೀ ಚಿತ್ರ ಉಳಿಸಿದರೆ ಅಧ್ಯಾಪಕನಿಗೆ ಪಾಠ ಗೊತ್ತಿರಬೇಕಾಗುತ್ತದೆ. ಆದ್ದರಿಂದ ಪೂರ್ವಪಕ್ಷ ನಿರಸ್ತ.

ಪ್ರತಿ ಐದು ಸ್ಲೈಡಿಗೊಮ್ಮೆ ‘ಅರ್ಥ ಆಯ್ತಾ?’ ಎಂಬ ಮಂತ್ರವನ್ನು ಉಚ್ಚರಿಸತಕ್ಕದ್ದು. ‘ಹ್ಞೂಂ ಸಾರ್’ ಎಂಬುದು ಅದರ ಪ್ರತಿಮಂತ್ರ. ಎರಡರ ನಡುವೆ ವಿರಾಮ ಸಲ್ಲದು. ಅಮೆರಿಕದ ಮೇರಿ ಬಡ್ ರೋ ಎಂಬ ವಿದುಷಿ ಶಾಲೆಗಳ ವಿಜ್ಞಾನ ತರಗತಿಗಳನ್ನು ಧ್ವನಿಮುದ್ರಿಸಿಕೊಂಡು ಅಳೆದಾಗ, ಶಿಕ್ಷಕರು ಪ್ರಶ್ನೆ ಕೇಳಿ ಉತ್ತರಕ್ಕಾಗಿ ಕಾಯುವುದು ಸುಮಾರು ಒಂದು ಸೆಕೆಂಡ್ ಮಾತ್ರ ಎಂದು ತಿಳಿಯಿತಂತೆ. ಮೂರು ಸೆಕೆಂಡ್ ಕಾದರೆ ಮಕ್ಕಳ ಉತ್ತರ ಉದ್ದವಾಗುತ್ತದೆ, ‘ಗೊತ್ತಿಲ್ಲ’ ಎನ್ನುವುದು ಕಡಿಮೆಯಾಗುತ್ತದೆ, ಬಾಯಿ ಬಿಡದವರೂ ಬಿಡುತ್ತಾರೆ. 1970ರ ದಶಕದಿಂದ ಗೊತ್ತಿರುವ ಈ ಉಪಾಯಕ್ಕೆ ಕರೆಂಟು ಬೇಡ, ಟೆಂಡರು ಬೇಡ, ಸ್ಟಾಕ್ ರಿಜಿಸ್ಟರಿನಲ್ಲಿ ಬರೆಯಬೇಕಿಲ್ಲ. ಖರೀದಿ ಸಮಿತಿಗೆ ಕೆಲಸವೇ ಇಲ್ಲದ ಇಂಥ ತಂತ್ರಜ್ಞಾನ ಜನಪ್ರಿಯವಾಗದಿರುವುದು ಸಹಜ.

ಪರಮತ ಖಂಡನೆ

ಹಾರ್ವರ್ಡಿನ ಭೌತವಿಜ್ಞಾನಿ ಎರಿಕ್ ಮಝುರ್ 1991ರಿಂದ ಪ್ರಚಾರಕ್ಕೆ ತಂದ ಒಂದು ಪಂಥವಿದೆ. ಗುರುವು ನಾಲ್ಕು ಉತ್ತರಗಳುಳ್ಳ ಒಂದು ಪ್ರಶ್ನೆ ಹಾಕುತ್ತಾನೆ. ಪ್ರತಿಯೊಬ್ಬನೂ ತನ್ನ ಮನಸ್ಸಿನಲ್ಲೇ ಯೋಚಿಸಿ ಮತ ಹಾಕುತ್ತಾನೆ. ಸರಿ ಉತ್ತರ ಕೊಟ್ಟವರು ಶೇ. 30ರಿಂದ 70ರ ನಡುವೆ ಇದ್ದರೆ, ಪಕ್ಕದವನೊಡನೆ ವಾದ ಮಾಡಿ ಎಂದು ಬಿಟ್ಟು, ಮತ್ತೆ ಮತ ಹಾಕಿಸುತ್ತಾನೆ. ಎರಡನೆಯ ಸಲ ಸರಿ ಉತ್ತರ ಹೆಚ್ಚುತ್ತದಂತೆ. ಇದಕ್ಕೆ ಕ್ಲಿಕ್ಕರ್ ಯಂತ್ರಗಳೇ ಬೇಕೆಂದಿಲ್ಲ, ಎ, ಬಿ, ಸಿ, ಡಿ ಎಂದು ಬರೆದ ನಾಲ್ಕು ರಟ್ಟಿನ ಚೂರುಗಳೂ ನಡೆಯುತ್ತವೆ. ಎದೆಯ ಮುಂದೆ ಬೆರಳು ತೋರಿಸಿದರೂ ಆದೀತು. ಪಕ್ಕದವನ ಜೊತೆ ಮಾತಾಡಿದ್ದಕ್ಕೆ ಹುಡುಗರನ್ನು ಹೊರಗೆ ನಿಲ್ಲಿಸುತ್ತ ಬಂದಿರುವ ನಮ್ಮ ದರ್ಶನಕ್ಕೆ ಇದು ಬುಡದಲ್ಲೇ ವಿರುದ್ಧ. ಹೋಗಲೆಂದು ಒಪ್ಪಿಕೊಂಡರೂ, ಕಾರಿಡಾರಿನಲ್ಲಿ ಬರುವ ಪ್ರಾಂಶುಪಾಲರಿಗೆ ಗಲಾಟೆಯೂ ಕಲಿಕೆಯೂ ಒಂದೇ ತರಹ ಕೇಳಿಸುತ್ತವೆ.

ಇನ್ನು 2014ರಲ್ಲಿ ಸ್ಕಾಟ್ ಫ್ರೀಮನ್ ಮತ್ತು ಸಂಗಡಿಗರು ವಿಜ್ಞಾನ, ಎಂಜಿನಿಯರಿಂಗ್, ಗಣಿತದ ಪದವಿ ತರಗತಿಗಳ 225 ಅಧ್ಯಯನಗಳನ್ನು ಒಟ್ಟು ಹಾಕಿ ನೋಡಿದರು. ಬರೀ ಉಪನ್ಯಾಸ ಕೇಳಿದ ತರಗತಿಗಳಲ್ಲಿ ನಪಾಸಾದವರು ಸರಾಸರಿ ಶೇ. 34ರಷ್ಟು, ವಿದ್ಯಾರ್ಥಿಗಳು ಏನಾದರೂ ಮಾಡುತ್ತಿದ್ದ ತರಗತಿಗಳಲ್ಲಿ ಶೇ. 22ರಷ್ಟು. ಅಂಕಿ ಸರಿಯಿರಬಹುದು, ಆದರೆ ಪೋರ್ಷನ್ ಮುಗಿಯಿತೇ ಎಂಬ ಮೂಲಭೂತ ಪ್ರಶ್ನೆಗೆ ಈ ಮಹನೀಯರು ನೇರ ಉತ್ತರ ಕೊಟ್ಟಂತಿಲ್ಲ. ಪೋರ್ಷನ್ ಮುಗಿಸುವುದೆಂದರೆ ಅಧ್ಯಾಪಕನು ಮುಗಿಸುವುದು. ಅದರಲ್ಲಿ ವಿದ್ಯಾರ್ಥಿಯ ಪಾತ್ರವಿದೆಯೆಂದು ಯಾವ ವರ್ಕ್ ಡೈರಿಯಲ್ಲೂ ನಮೂದಾಗಿಲ್ಲ.

ಓದಿದ್ದನ್ನೇ ಮತ್ತೆ ಓದಿದವರಿಗೂ, ಒಮ್ಮೆ ಓದಿ ಪುಸ್ತಕ ಮುಚ್ಚಿ ನೆನಪಿನಿಂದ ಬರೆದವರಿಗೂ ಪೈಪೋಟಿ ಇಟ್ಟ ರೋಡಿಗರ್ ಮತ್ತು ಕಾರ್ಪಿಕಿ ಎಂಬಿಬ್ಬರ 2006ರ ಪ್ರಯೋಗ ಮಾತ್ರ ನಮಗೆ ಅರ್ಧ ಅನುಕೂಲವಾಗಿದೆ. ಐದು ನಿಮಿಷದ ನಂತರ ಕೇಳಿದಾಗ ಮತ್ತೆ ಓದಿದವರೇ ಮುಂದು. ಒಂದು ವಾರದ ನಂತರ ಕೇಳಿದಾಗ ಬರೆದು ನೋಡಿದವರು ಮುಂದು. ನಮ್ಮ ಇಂಟರ್ನಲ್ಸ್‌ನ ಹುಡುಗರು ಪರೀಕ್ಷಾ ಕೊಠಡಿಯ ಬಾಗಿಲಲ್ಲಿ ನಿಂತು ಓದುವುದರಿಂದ ಮೊದಲನೆಯ ಫಲಿತಾಂಶವೇ ನಮಗೆ ಅನ್ವಯ.

ನಿಷಿದ್ಧ ಕೀಲಿ

ಕೊನೆಗೆ ಒಂದು ಎಚ್ಚರಿಕೆ. ಸ್ಲೈಡ್ ಶೋ ನಡೆಯುತ್ತಿರುವಾಗ ಕೀಲಿಮಣೆಯಲ್ಲಿ ‘ಬಿ’ ಒತ್ತಿದರೆ ಪರದೆ ಕಪ್ಪಾಗುತ್ತದೆ. ಮತ್ತೆ ಒತ್ತಿದರೆ ಶಾಸನ ಮರಳುತ್ತದೆ. ಹೀಗೆ ಕಪ್ಪಾದಾಗ ವಿದ್ಯಾರ್ಥಿಗಳು ತಲೆಯೆತ್ತಿ ಅಧ್ಯಾಪಕನ ಮುಖವನ್ನೇ ನೋಡತೊಡಗುತ್ತಾರೆ, ಅವನು ಏನಾದರೂ ಹೇಳಲೇಬೇಕಾಗುತ್ತದೆ, ಕೆಲವೊಮ್ಮೆ ಸೀಮೆಸುಣ್ಣ ಹುಡುಕಿ ಬೋರ್ಡಿನ ಮೇಲೆ ಚಿತ್ರ ಬರೆಯುವವರೆಗೂ ಹೋಗುತ್ತದೆ. ಆದ್ದರಿಂದ ಎಲ್ಲ ಐಸಿಟಿ ಕೊಠಡಿಗಳಲ್ಲಿ ಆ ಕೀಲಿಯನ್ನು ಕಿತ್ತಿಡಲು ಶಿಫಾರಸು ಮಾಡಲಾಗಿದೆ. ಇದರ ಜಾರಿಗಾಗಿ ‘ವಿದ್ಯಾರ್ಥಿಕೇಂದ್ರಿತ ಬೋಧನಾ ವಿಧಾನಗಳು’ ಎಂಬ ಒಂದು ದಿನದ ಕಾರ್ಯಾಗಾರವನ್ನು ಏರ್ಪಡಿಸಿದೆ. ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ ಸಂಪನ್ಮೂಲ ವ್ಯಕ್ತಿಯೊಬ್ಬರೇ 140 ಸ್ಲೈಡುಗಳನ್ನು ಓದಲಿದ್ದಾರೆ. ಮಧ್ಯೆ ಪ್ರಶ್ನೆಗಳಿಗೆ ಅವಕಾಶವಿಲ್ಲ. ಗೂಗಲ್ ಫಾರ್ಮ್‌ನಲ್ಲಿ ‘ಬಹಳ ಉಪಯುಕ್ತವಾಗಿತ್ತು’ ಎಂದು ತುಂಬಿದವರಿಗೆ ಪ್ರಮಾಣಪತ್ರ ಇಮೇಲಿಗೆ ಬರುತ್ತದೆ. ಫಾರ್ಮಿನ ಲಿಂಕ್ ಈಗಾಗಲೇ ಗುಂಪಿಗೆ ಹಾಕಿದೆ, ಕಾರ್ಯಾಗಾರದವರೆಗೆ ಕಾಯಬೇಕಾಗಿಲ್ಲ.