ತಂಬಿಗೆಯ ತಳ

ಚಿತ್ರ ತೆಗೆಯಲು ಈಗಷ್ಟೇ ಕೂತವನ ಅಭ್ಯಾಸದ ಹಾಳೆಗೆ ಬಾಗಲಕೋಟೆ ಸೀಮೆಯಲ್ಲಿ ಮೊದಲು ಸಿಗುವ ವಿಮರ್ಶೆ ಎರಡು ಬಗೆಯದು. ಮನೆಯವರದು ‘ಭಾಳ ಚಲೋ ಬಂದೈತಿ’, ಗೆಳೆಯರದು ‘ಏನಲೇ ಇದು?’ ಎರಡರಿಂದಲೂ ಗೆರೆ ಕೂದಲೆಳೆಯಷ್ಟೂ ನೆಟ್ಟಗಾಗುವುದಿಲ್ಲ. ಮೂರನೆಯದು ಡ್ರಾಯಿಂಗ್ ಮಾಸ್ತರದು. ಅದು ಬಾಯಿಂದ ಬರುವುದು ಕಡಿಮೆ, ಕೆಂಪು ಶಾಯಿಯಲ್ಲಿ ಹಾಳೆಯ ಮೇಲೆಯೇ ಬೀಳುವುದು ಹೆಚ್ಚು.

1956ರವರೆಗೆ ಈ ಭಾಗ ಮುಂಬೈ ಆಡಳಿತದಲ್ಲಿದ್ದುದರಿಂದ ಹಳಬರು ಎಲಿಮೆಂಟರಿ, ಇಂಟರ್‌ಮೀಡಿಯೆಟ್ ಎಂಬ ಚಿತ್ರಕಲಾ ಪರೀಕ್ಷೆಗಳಿಗೆ ಕೂತವರು. ಈಗಿನವರದು ಲೋವರ್ ಗ್ರೇಡ್, ಹೈಯರ್ ಗ್ರೇಡ್. ಪರೀಕ್ಷೆಯ ಹೆಸರು ಬದಲಾಯಿತು, ನೋಡಿ ಬಿಡಿಸಲೆಂದು ಮೇಜಿನ ಮೇಲಿಡುವ ತಂಬಿಗೆ ಬದಲಾಗಲಿಲ್ಲ.

ತಂಬಿಗೆಗೂ ಮೊದಲು ಗೆರೆ. ಹೊಸಬ ಒಂದು ಗೆರೆಯ ಬದಲು ಹತ್ತಾರು ಚೂರು ಗೆರೆ ಜೋಡಿಸಿ ಅದಕ್ಕೆ ‘ಸ್ಕೆಚ್’ ಎಂದು ಹೆಸರಿಡುತ್ತಾನೆ. ಇದಕ್ಕೆ ತಿದ್ದುಪಡಿ ಸರಳ: ಮಣಿಕಟ್ಟು ಆಡಿಸದೆ ಹೆಗಲಿನಿಂದ ಕೈ ಎಳೆಯಬೇಕು, ಪೆನ್ಸಿಲ್ ಊರುವ ಮೊದಲು ಗಾಳಿಯಲ್ಲೇ ಒಂದೆರಡು ಸಲ ಕೈ ಆಡಿಸಬೇಕು, ಕಣ್ಣು ಗೆರೆ ಹೋಗಿ ಮುಟ್ಟುವ ಚುಕ್ಕಿಯ ಮೇಲಿರಬೇಕು. ರಬ್ಬರನ್ನು ಮಾಸ್ತರ ಜೇಬಿನಲ್ಲಿಟ್ಟರೆ ಇನ್ನೂ ಒಳ್ಳೆಯದು.

ನಿಜವಾದ ಕಗ್ಗಂಟು ತಂಬಿಗೆಯದು. ಹೊಸಬನ ಹಾಳೆಯಲ್ಲಿ ಅದರ ಬಾಯಿ ಎರಡೂ ತುದಿಗೆ ಚೂಪಾಗಿ ಮೀನಿನ ಆಕಾರ ತಾಳುತ್ತದೆ, ತಳ ಸ್ಕೇಲಿಟ್ಟು ಕೊಯ್ದಂತೆ ನೇರವಾಗುತ್ತದೆ. ಕೇಳಿದರೆ ಉತ್ತರ ಸಿದ್ಧ: ‘ಟೇಬಲ್ ಸಪಾಟ ಐತಲ್ರೀ ಸರ್.’ ತರ್ಕ ಗಟ್ಟಿಯಾಗಿದೆ, ಚಿತ್ರ ತಪ್ಪಾಗಿದೆ. ಕಣ್ಣಿನ ಮಟ್ಟಕ್ಕೆ ಸರಿಯಾಗಿ ಹಿಡಿದ ವೃತ್ತ ಬರೀ ಗೆರೆಯಾಗಿ ಕಾಣುತ್ತದೆ. ಕೆಳಗಿಳಿದಷ್ಟೂ ತೆರೆದುಕೊಳ್ಳುತ್ತ ಹೋಗುತ್ತದೆ. ಹಾಗಾಗಿ ಮೇಜಿನ ಮೇಲಿನ ತಂಬಿಗೆಯ ತಳ ಬಾಯಿಗಿಂತ ಹೆಚ್ಚು ದುಂಡಗೆ ಬಾಗಬೇಕು. ‘ಕಂಡದ್ದು ತಗಿಯಪಾ, ತಿಳಿದದ್ದು ತಗೀಬ್ಯಾಡ’ ಎಂಬ ಮಾತು ಇಲ್ಲಿ ಹುಟ್ಟುತ್ತದೆ.

ನಂಬದವರು ಐಹೊಳೆಗೆ ಹೋಗಬಹುದು. ಅಲ್ಲಿನ ದುರ್ಗದ ಗುಡಿಯ ಹಿಂಬದಿ ಅರ್ಧವೃತ್ತಾಕಾರ. ನೆಲದಲ್ಲಿ ನಿಂತು ನೋಡಿದರೆ ಬುಡದ ಗೆರೆ ಕೆಳಕ್ಕೆ ಬಾಗುತ್ತದೆ, ತಲೆಯ ಮೇಲಿನ ಸೂರಿನ ಗೆರೆ ಮೇಲಕ್ಕೆ. ಹೊಸಬ ಎರಡನ್ನೂ ಒಂದೇ ಕಡೆ ಬಗ್ಗಿಸಿ ಗುಡಿಯನ್ನು ವಾಲಿಸುತ್ತಾನೆ.

ಆದರೆ ತಂಬಿಗೆ ಸರಿಯಾಗಿ ಬರುವತನಕ ಕಾಯುವ ತಾಳ್ಮೆ ಯಾರಿಗಿದೆ? ಬಾದಾಮಿಗೆ ಕರೆದೊಯ್ದರೆ ಹುಡುಗರು ಹೋಗಿ ಕೂರುವುದು ಮೊದಲನೆಯ ಗುಹೆಯ ನಟರಾಜನ ಮುಂದೆ. ಒಂದು ಕೈಗೆ ಐದು ಬೆರಳು ಹೊಂದಿಸಲಾರದವನು ಹದಿನೆಂಟು ಕೈಗಳ ಮೂರ್ತಿಗೆ ಕೈ ಹಾಕುತ್ತಾನೆ. ಇಂಥ ಹಾಳೆಗೆ ಮಾಸ್ತರರು ಎಣಿಕೆಯ ವಿಮರ್ಶೆಯನ್ನಷ್ಟೇ ಮಾಡುತ್ತಾರೆ: ‘ಹದಿನೇಳು ಅದಾವಲ್ಲೋ, ಇನ್ನೊಂದು ಎಲ್ಲಿಟ್ಟಿ?’ ನೆರಳಿನ ವಿಷಯಕ್ಕಂತೂ ಹೋಗದಿರುವುದೇ ಲೇಸು. ಬೆರಳಿನಿಂದ ತಿಕ್ಕಿದ್ದೆಲ್ಲ ನೆರಳಲ್ಲ ಎಂದು ಹೇಳಿ ಮುಂದೆ ಸಾಗಬಹುದು.

ಅತ್ಯಂತ ಕಠಿಣ ಪರೀಕ್ಷಕರು ಶಾಲೆಯಲ್ಲಿಲ್ಲ, ಇಳಕಲ್ಲಿನ ನೇಕಾರರ ಮನೆಗಳಲ್ಲಿದ್ದಾರೆ. ವಿನ್ಯಾಸದ ಪಾಠಕ್ಕೆಂದು ಮಗ ಇಳಕಲ್ ಸೀರೆಯ ಟೋಪತೆನಿ ಸೆರಗಿನ ನಮೂನೆ ಬಿಡಿಸಿ ತಂದರೆ ಅವ್ವ ಬಣ್ಣ ನೋಡುವುದಿಲ್ಲ. ‘ಈ ಕಡಿ ಐದು ಅದಾವು, ಆ ಕಡಿ ಆರು. ಎಳಿ ಎಣಿಸಿಯೇನು?’ ಕಸೂತಿಯೂ ಹೀಗೆಯೇ. ನಕ್ಷೆ ಮೂಡಿಸಿಕೊಳ್ಳದೆ ಬಟ್ಟೆಯ ಎಳೆ ಎಣಿಸಿಯೇ ಹೊಲಿಯುವ ಕೆಲಸ ಅದು. ಅದರಲ್ಲಿನ ಗವಂತಿ ಹೊಲಿಗೆ ಬಟ್ಟೆಯ ಎರಡೂ ಮಗ್ಗುಲಲ್ಲಿ ಒಂದೇ ಸಮ ಕಾಣಬೇಕು. ಅಂಥ ಕಣ್ಣಿಗೆ ‘ಸುಮಾರಾಗಿ ಸರಿ’ ಎಂಬುದು ಗೊತ್ತಿಲ್ಲ. ಆದರೆ ಅವ್ವನ ಮಾತಿನಲ್ಲಿ ಒಂದು ಗುಣವಿದೆ: ತಪ್ಪು ಎಲ್ಲಿದೆ, ಎಷ್ಟಿದೆ ಎಂದು ಹೇಳಿ ಮುಗಿಸುತ್ತಾಳೆ. ಹುಡುಗನ ಹಣೆಬರಹದ ತನಕ ಹೋಗುವುದಿಲ್ಲ. ಈ ವಿಷಯದಲ್ಲಿ ಅನೇಕ ಮಾಸ್ತರರಿಗಿಂತ ಅವಳೇ ವಾಸಿ.

ಹೊಸಬರ ಹಾಳೆ ಕೈಗೆ ಬಂದರೆ ಓದುಗರೂ ಇಷ್ಟು ಮಾಡಬಹುದು: ಒಂದು ಸಲಕ್ಕೆ ಒಂದೇ ತಪ್ಪು ತೋರಿಸಿ, ಹಾಳೆಯ ಮೂಲೆಯಲ್ಲಿ ತಾರೀಖು ಬರೆಸಿ, ಹರಿದು ಒಗೆಯಲು ಬಿಡಬೇಡಿ.