ಚಿಪ್ಪಣ್ಣ

ಟರ್ಬೊ ಕಾರೊಂದನ್ನು ಕೊಂಡು, ಅದಕ್ಕೆ ಯಾವ ಚಿಪ್ ಹಾಕಿಸಬೇಕೆಂದು ವರ್ಷಗಟ್ಟಲೆ ಆರಿಸುತ್ತಲೇ ಇರುವವನನ್ನು ಚಿಪ್ಪಣ್ಣ ಎನ್ನಬಹುದು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಹೀಗೆ ತಾಲ್ಲೂಕಿಗೊಬ್ಬನಂತೆ ಸಿಗುತ್ತಾನೆ. ಹರಪನಹಳ್ಳಿಯಲ್ಲಿ ಇಬ್ಬರಿದ್ದಾರೆ, ಆದರೆ ಅವರಿಬ್ಬರಿಗೂ ಮಾತಿಲ್ಲ. ವಯಸ್ಸು ಮೂವತ್ತರ ಆಚೀಚೆ. ಮನೆಯಲ್ಲಿ ಗೊಬ್ಬರದಂಗಡಿಯೋ ಮೆಕ್ಕೆಜೋಳದ ದಲಾಲಿ ವ್ಯಾಪಾರವೋ ಇರುತ್ತದೆ. ಹೆಣ್ಣು ನೋಡುವ ಮಾತು ನಡೆದಿರುತ್ತದೆ, ಚಿಪ್ಪಿನ ಮಾತು ಮುಗಿಯದೆ ಅದು ಮುಂದೆ ಹೋಗುತ್ತಿರುತ್ತದೆ.

ಕಾರು ಸಾಮಾನ್ಯವಾಗಿ ಬೆಂಗಳೂರಿನಿಂದ ತಂದ ಸೆಕೆಂಡ್ ಹ್ಯಾಂಡ್ ಪೋಲೊ ಜಿಟಿ ಟಿಎಸ್‌ಐ. 2013ರಲ್ಲಿ ಭಾರತಕ್ಕೆ ಬಂದ ಈ ಗಾಡಿಯದು 1.2 ಲೀಟರ್ ಎಂಜಿನ್, 105 ಕುದುರೆಶಕ್ತಿ. ಅದನ್ನು ಸ್ಪೋರ್ಟ್ಸ್ ಕಾರು ಎನ್ನುವವನು ಚಿಪ್ಪಣ್ಣನೊಬ್ಬನೇ. ಮನೆಯವರ ಪಾಲಿಗೆ ಅದು ‘ಆ ಕೆಂಪು ಗಾಡಿ’. ಹಿಂದೆ ಮೂವರು ಕೂತರೆ ಮೊಣಕಾಲು ಎದೆಗೆ ಬರುತ್ತವೆ ಎಂಬುದು ಅವ್ವನ ತಕರಾರು.

ಟರ್ಬೊ ಎಂದರೆ ಎಂಜಿನ್ನಿನ ಹೊಗೆಯ ರಭಸದಿಂದಲೇ ತಿರುಗುವ ಒಂದು ಚಕ್ರ. ಅದೇ ದಂಡದ ಇನ್ನೊಂದು ತುದಿಯ ಚಕ್ರ ಹೊರಗಿನ ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬುತ್ತದೆ. ಗಾಳಿ ಹೆಚ್ಚಿದಷ್ಟೂ ಪೆಟ್ರೋಲ್ ಹೆಚ್ಚು ಉರಿಸಬಹುದು, ಬಲವೂ ಹೆಚ್ಚು. ಎಷ್ಟು ಒತ್ತಬೇಕು, ಎಷ್ಟು ಉರಿಸಬೇಕು ಎಂದು ತೀರ್ಮಾನಿಸುವುದು ಇಸಿಯು ಎಂಬ ಪುಟ್ಟ ಕಂಪ್ಯೂಟರ್. ಕಂಪನಿಯವರು ಬಿಸಿಲು, ಕಲಬೆರಕೆ ಪೆಟ್ರೋಲ್, ಸರ್ವಿಸ್ ಮರೆಯುವ ಮಾಲೀಕ ಎಲ್ಲವನ್ನೂ ಲೆಕ್ಕ ಹಿಡಿದು ಒಂದಿಷ್ಟು ಬಲವನ್ನು ಕಾಯ್ದಿಟ್ಟಿರುತ್ತಾರೆ. ಚಿಪ್ಪಣ್ಣನಿಗೆ ಬೇಕಾದದ್ದು ಆ ಕಾಯ್ದಿಟ್ಟ ಗಂಟು.

ಒಂದು ಕಾಲಕ್ಕೆ ನಿಜವಾಗಿಯೂ ಚಿಪ್ ಕಿತ್ತು ಬೇರೆ ಚಿಪ್ ಹಾಕುತ್ತಿದ್ದರು. ಈಗ ಸ್ಟಿಯರಿಂಗ್ ಕೆಳಗಿನ ಒಬಿಡಿ ಸಾಕೆಟ್ಟಿಗೆ ವೈರು ಸಿಕ್ಕಿಸಿ ಇಸಿಯುವಿನ ಲೆಕ್ಕವನ್ನೇ ತಿದ್ದುತ್ತಾರೆ; ಇದಕ್ಕೆ ರೀಮ್ಯಾಪ್ ಎನ್ನುತ್ತಾರೆ. ಚಿಪ್ ಹೋಯಿತು, ಹೆಸರು ಉಳಿಯಿತು. ಎರಡನೆಯದು ಟ್ಯೂನಿಂಗ್ ಬಾಕ್ಸ್. ಇದು ಸೆನ್ಸರಿಗೂ ಇಸಿಯುವಿಗೂ ನಡುವೆ ಕೂತು ಸುಳ್ಳು ಹೇಳುತ್ತದೆ. ನಾಲ್ಕು ರೊಟ್ಟಿ ತಿಂದ ಮಗ ಎರಡೇ ತಿಂದೆ ಎಂದರೆ ಅವ್ವ ಇನ್ನೆರಡು ಹಾಕುತ್ತಾಳಲ್ಲ, ಅಂಥದೇ ಮಸಲತ್ತು: ಗಾಳಿಯ ಒತ್ತಡ ಕಡಿಮೆ ಇದೆ ಎಂದು ನಂಬಿದ ಇಸಿಯು ಇನ್ನಷ್ಟು ಬಡಿಸುತ್ತದೆ. ಮೂರನೆಯದು ಕೊರಿಯರಿನಲ್ಲಿ ಬರುವ, ಕೆಲವೇ ನೂರು ರೂಪಾಯಿಯ ಪ್ಲಾಸ್ಟಿಕ್ ಪ್ಲಗ್. ಒಡೆದು ನೋಡಿದವರಿಗೆ ಒಳಗೆ ಸಿಕ್ಕಿದ್ದು ಮಿಣುಕುವ ದೀಪಗಳು ಮತ್ತು ಅವನ್ನು ಮಿಣುಕಿಸುವ ಒಂದು ಸಣ್ಣ ಸರ್ಕ್ಯೂಟ್.

ಆರಿಸುವ ಕೆಲಸ ನಡೆಯುವುದು ಸಂಜೆ, ಮಂಡಕ್ಕಿ ಮಿರ್ಚಿ ಅಂಗಡಿಯ ಬೆಂಚಿನ ಮೇಲೆ. ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಗೊರವಯ್ಯ ಬಿಲ್ಲನ್ನೇರಿ ನುಡಿಯುವ ಕಾರಣಿಕ ಒಂದೇ ಸಾಲು. ಅದರ ಅರ್ಥವನ್ನು ಜನ ವರ್ಷವಿಡೀ ಬಿಡಿಸುತ್ತಾರೆ. ಚಿಪ್ಪಣ್ಣನಿಗೆ ರೀಮ್ಯಾಪಿನ ಮೊದಲ ಮೆಟ್ಟಿಲಾದ ‘ಸ್ಟೇಜ್ ಒನ್’ ಎಂಬ ಎರಡೇ ಪದ ಸಾಕು. ಇಪ್ಪತ್ತು ಕುದುರೆ ಜಾಸ್ತಿಯೋ ಮೂವತ್ತೋ, ಗಿಯರ್‌ಬಾಕ್ಸ್ ತಡೆಯುತ್ತದೋ ಇಲ್ಲವೋ, ಮಾತು ಎರಡನೆಯ ಪ್ಲೇಟ್ ಮಿರ್ಚಿಯನ್ನೂ ದಾಟುತ್ತದೆ. ಆ ಗಿಯರ್‌ಬಾಕ್ಸ್ ತಾಳುವುದು 250 ನ್ಯೂಟನ್ ಮೀಟರ್ ಟಾರ್ಕ್ ಎಂಬುದು ಅವನಿಗೆ ಬಾಯಿಪಾಠ. ಅಂಗಡಿಯ ಗೊಬ್ಬರದ ಸ್ಟಾಕ್ ಎಷ್ಟಿದೆ ಎಂದರೆ ಅಪ್ಪನನ್ನು ಕೇಳಬೇಕು.

ಇಷ್ಟು ಬಲವನ್ನು ಓಡಿಸಲು ರಸ್ತೆ ಬೇಕು. ಕೂಡ್ಲಿಗಿಯ ಮೇಲೆ ಹಾದುಹೋಗುವ 50ನೇ ರಾಷ್ಟ್ರೀಯ ಹೆದ್ದಾರಿ ಇದೆ, ಆದರೆ ಅಲ್ಲಿ ಲಾರಿಗಳಿವೆ. ಒಳದಾರಿಗಳಲ್ಲಿ ಸುಗ್ಗಿಯಾದ ಮೇಲೆ ಅರ್ಧ ರಸ್ತೆಗೆ ಮೆಕ್ಕೆಜೋಳ ಹರವಿರುತ್ತಾರೆ, ಅಂಚಿಗೆ ಕಲ್ಲಿಟ್ಟಿರುತ್ತಾರೆ. ಸೊನ್ನೆಯಿಂದ ನೂರಕ್ಕೆ ಎಷ್ಟು ಸೆಕೆಂಡು ಎಂದು ಪರೀಕ್ಷಿಸಲು ಹೊರಟವನು ನಲವತ್ತಕ್ಕೆ ಬರುವಷ್ಟರಲ್ಲಿ ಕಾಳು ಕೆದರುತ್ತಿರುವ ಅಜ್ಜಿ ಕೈ ಅಡ್ಡ ಹಿಡಿಯುತ್ತಾಳೆ. ಬೆಳಗಿನ ಜಾವ ಹಡಗಲಿಯ ಮಲ್ಲಿಗೆ ಹೇರಿಕೊಂಡು ಹೊರಟ ಟಾಟಾ ಏಸ್ ಇವನನ್ನು ಹಿಂದೆ ಹಾಕುವುದೂ ಉಂಟು. ಅದರ ಡ್ರೈವರನಿಗೆ ಚಿಪ್ ಗೊತ್ತಿಲ್ಲ, ಹೂ ಬಾಡುತ್ತದೆಂದು ಗೊತ್ತು.

ಕೊನೆಗೆ ಚಿಪ್ಪಣ್ಣ ಗ್ಯಾರೇಜಿಗೆ ಬರುತ್ತಾನೆ.

“ಮೇಸ್ತ್ರಿ, ಇದಕ್ಕ ಸ್ಟೇಜ್ ಒನ್ ಮಾಡ್ಸಿದ್ರ ಹೆಂಗ?”

ಮೇಸ್ತ್ರಿ ಉತ್ತರಿಸದೆ ಬಾನೆಟ್ ಎತ್ತಿ ಏರ್ ಫಿಲ್ಟರ್ ತೆಗೆದು ನೆಲಕ್ಕೆ ಎರಡು ಸಲ ಕುಟ್ಟುತ್ತಾನೆ. ಬೊಗಸೆಯಷ್ಟು ಕೆಂಪು ಧೂಳು, ಮೆಕ್ಕೆಜೋಳದ ಹೊಟ್ಟು, ಒಂದು ಒಣಗಿದ ಚಿಟ್ಟೆ ಬೀಳುತ್ತವೆ.

“ತಮ್ಮಾ, ಮೂಗು ಕಟ್ಟಿದವಂಗ ಓಡು ಓಡು ಅಂದ್ರ ಎಲ್ಲಿ ಓಡ್ತಾನ? ಮೊದ್ಲು ಇದನ್ನ ಬದ್ಲಿ ಮಾಡ್ಸು.”

ಹೊಸ ಫಿಲ್ಟರ್ ಹಾಕಿದ ದಿನದಿಂದ ಗಾಡಿ ಚುರುಕಾಗುತ್ತದೆ. ಅದೇ ವಾರ ಚಿಪ್ಪಣ್ಣ ಮೂರನೆಯ ಬಗೆಯ ಪ್ಲಗ್ಗನ್ನು ತರಿಸಿ ಸಿಕ್ಕಿಸಿರುತ್ತಾನೆ. ಕೀರ್ತಿ ಅದರ ನೀಲಿ ದೀಪಕ್ಕೆ ಹೋಗುತ್ತದೆ.

ಕಾನೂನು ಈ ವಿಷಯದಲ್ಲಿ ಮಿರ್ಚಿ ಬೆಂಚಿನಷ್ಟು ಉದಾರವಾಗಿಲ್ಲ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಬಂದ ತಿದ್ದುಪಡಿಯಂತೆ ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೂ ಮಾಲೀಕನಿಗೆ 5,000 ರೂಪಾಯಿ ದಂಡ, ಅಥವಾ ಆರು ತಿಂಗಳವರೆಗೆ ಸಜೆ, ಅಥವಾ ಎರಡೂ. ವಾರಂಟಿ ಕೈಬಿಡುತ್ತದೆ, ತಿಳಿಸದೆ ಹಾಕಿಸಿದ್ದರೆ ವಿಮೆಯವರೂ ತಕರಾರು ತೆಗೆಯಬಹುದು. ಚಿಪ್ಪಣ್ಣನ ವಾದವೇ ಬೇರೆ: “ಒಳಗಿರೋದು ಪೊಲೀಸರಿಗೆ ಹೆಂಗ ಕಾಣ್ತೈತಿ?” ಇದನ್ನು ಹೇಳುವಾಗ ಅವನು ಒರಗಿ ನಿಂತಿರುವ ಹಿಂದಿನ ಗಾಜಿನ ಮೇಲೆ ‘ಸ್ಟೇಜ್ 1’ ಎಂದು ಅಂಗೈಯಗಲದ ಸ್ಟಿಕರ್ ಇದೆ.

ಹೆಣ್ಣು ಗೊತ್ತಾದ ಮೇಲೆ ಕಾರು ಮಾರಾಟಕ್ಕೆ ನಿಲ್ಲುತ್ತದೆ. ಸ್ಟಿಕರನ್ನು ಬ್ಲೇಡಿನಿಂದ ಕೆರೆಯಲಾಗುತ್ತದೆ, ಪ್ಲಗ್ ಕಿತ್ತು ಜೇಬಿಗೆ ಹೋಗುತ್ತದೆ. ‘ಒಂದು ನಟ್ಟೂ ಬಿಚ್ಚಿಲ್ಲ, ಶೋರೂಂ ಕಂಡೀಷನ್’ ಎಂದು ಚಿಪ್ಪಣ್ಣ ಆಣೆ ಮಾಡುತ್ತಾನೆ. ವಿಚಿತ್ರವೆಂದರೆ ಅದು ನಿಜವೇ. ಬಂದ ದುಡ್ಡಿಗೆ ಇನ್ನಷ್ಟು ಸೇರಿಸಿ ಅಪ್ಪ ಎಲ್ಲರೂ ಕೂರುವಂಥ ಬೊಲೆರೊ ತರುತ್ತಾನೆ. ಕೊಟ್ಟೂರೇಶನ ಗುಡಿಯ ಮುಂದೆ ಪೂಜೆ, ನಾಲ್ಕು ಚಕ್ರಕ್ಕೆ ನಾಲ್ಕು ನಿಂಬೆಹಣ್ಣು.

ಬೊಲೆರೊಗೂ ಟರ್ಬೊ ಇದೆ.