ಜಾತ್ರಿ ಸಾಮಾನು ಜೋಪಾನ!

ಜಾತ್ರೆಯಲ್ಲಿ ಕೊಂಡ ಆಟಿಗೆ ಸಾಮಾನಿನ ಆಯುಷ್ಯ ಎಷ್ಟು? ನಮ್ಮ ಕಡೆಯ ಲೆಕ್ಕದಲ್ಲಿ ಬಸ್ ಸ್ಟ್ಯಾಂಡಿನ ತನಕ. ಕಲಬುರಗಿ ಶರಣಬಸವೇಶ್ವರ ಜಾತ್ರೆಯಲ್ಲಿ ಕೊಂಡ ಪೀಪಿ ಬಸ್ಸು ಹತ್ತುವಾಗಲೇ ಗಂಟಲು ಕಟ್ಟಿಕೊಳ್ಳುತ್ತಿತ್ತು. ಪುಗ್ಗೆ ಕಟ್ಟಿಸಂಗಾವಿ ಸೇತುವೆ ದಾಟುವುದರೊಳಗೆ ಯಾರದೋ ಬುಟ್ಟಿಯ ಕಡ್ಡಿಗೆ ತಾಗಿ ಢಂ ಅನ್ನುತ್ತಿತ್ತು. ಜೇವರ್ಗಿಯಲ್ಲಿ ಇಳಿಯುವಾಗ ಕೈಯಲ್ಲಿ ಉಳಿದಿರುತ್ತಿದ್ದುದು ಗಿರಗಿಟ್ಲೆಯ ಕೋಲು ಮಾತ್ರ. ಅದನ್ನೇ ಹಿಡಿದುಕೊಂಡು ಓಣಿ ತುಂಬ ತಿರುಗಿ, ‘ಇದಕ್ಕ ಮೊದಲು ಚಕ್ರ ಇತ್ತು’ ಅಂತ ಗೆಳೆಯರಿಗೆ ಆಣೆ ಮಾಡಿ ಹೇಳಬೇಕಿತ್ತು. ಮುರಿಯುವುದು ಆ ಸಾಮಾನಿನ ದೋಷವಲ್ಲ, ಗುಣ. ಈ ವರ್ಷದ್ದು ಮುರಿಯದೇ ಹೋದರೆ ಬರೋ ವರ್ಷ ಅಂಗಡಿಯವ ಉಣ್ಣುವುದೇನು?

ಇಂಥ ಸಾಮಾನನ್ನೂ ಅರ್ಧ ಶತಮಾನ ಜೋಪಾನ ಮಾಡಿದವರು ಇದ್ದಾರೆ. ನಂಬಿಕೆ ಇಲ್ಲದಿದ್ದರೆ ಆಳಂದದ ನಮ್ಮ ಸೋದರಮಾವನ ಮನೆಗೆ ಬನ್ನಿ. ಮಾಮಾ ನಿವೃತ್ತ ಮಾಸ್ತರು. ಮಕ್ಕಳ ಹಾಜರಿ ಹಿಡಿಯುವುದು ನಿಂತ ಮೇಲೆ ಸಾಮಾನುಗಳ ಹಾಜರಿ ಹಿಡಿಯಲು ಶುರು ಮಾಡಿದ್ದಾರೆ. ಪಡಸಾಲೆಯ ಮೂಲೆಯಲ್ಲಿ ಮುತ್ಯಾನ, ಅಂದರೆ ಮಾಮಾನ ಅಪ್ಪನ, ಕಾಲದ ತಗಡಿನ ಟ್ರಂಕು, ಅದರ ಮೇಲೆ ಒಂದು ಉದ್ದನೆಯ ರಿಜಿಸ್ಟರು. ಕ್ರಮಸಂಖ್ಯೆ, ಸಾಮಾನಿನ ಹೆಸರು, ಜಾತ್ರೆಯ ಹೆಸರು, ಸ್ಥಿತಿಗತಿ ಅಂತ ಕೆಂಪು ಶಾಯಿಯಲ್ಲಿ ಗೆರೆ ಎಳೆದಿದ್ದಾರೆ. ಸ್ಥಿತಿಗತಿ ಕಾಲಮಿನಲ್ಲಿ ಹೆಚ್ಚಿನ ಕಡೆ ‘ಭಗ್ನ’ ಅಂತಲೇ ಇದೆ.

ಈ ರೋಗ ಅಂಟಿದ್ದಕ್ಕೂ ಒಂದು ಕಾರಣವಿದೆ. ಅಮೆರಿಕಾದಲ್ಲಿ 1955ರಲ್ಲಿ ಡಿಸ್ನಿಲ್ಯಾಂಡ್ ಶುರುವಾಯಿತಲ್ಲ, ಅದರ ಹಳೇ ಟಿಕೇಟು, ಹಳೇ ನಕಾಶೆ, ಹಳೇ ಬೋರ್ಡುಗಳನ್ನೆಲ್ಲ ಅಲ್ಲಿಯ ಮಂದಿ ಹರಾಜಿನಲ್ಲಿ ಕೊಳ್ಳುತ್ತಾರೆ. ಮಕ್ಕಳು ಕೂತು ಸುತ್ತುತ್ತಿದ್ದ ಡಂಬೋ ಎಂಬ ಹಾರುವ ಆನೆಯೊಂದು 2018ರಲ್ಲಿ 4 ಲಕ್ಷ ಡಾಲರಿಗೂ ಮೇಲೆ ಹೋಯಿತು. ಈ ಸುದ್ದಿ ಕೇಳಿದ ದಿನವೇ ಮಾಮಾ ಟ್ರಂಕಿನ ಕೀಲಿ ತೆಗೆದರು.

“ಆನಿಗಿ ಅಷ್ಟು ಕಿಮ್ಮತ್ತು ಅಂದ್ರ ನಮ್ಮ ಕಟಗಿ ಕುದುರಿಗಿ ಏನ್ ಕಡಿಮಿ?” ಅಂದರು.

“ಎರಡು ಕಾಲು ಕಡಿಮಿ ಅದಾವ್ರಿ,” ಅಂದಳು ನಮ್ಮತ್ತಿ, ಅಡುಗೆ ಮನೆಯಿಂದಲೇ.

ಮಾಮಾನ ವಾದವನ್ನು ನಾನು ಪೂರ್ತಿ ತಳ್ಳಿ ಹಾಕುವವನಲ್ಲ. ಡಿಸ್ನಿಲ್ಯಾಂಡ್ ಬರುವ ಮೊದಲೇ ನಮ್ಮಲ್ಲಿ ಅದಕ್ಕೂ ಮಿಗಿಲಾದದ್ದು ಇತ್ತು. ಜೇವರ್ಗಿ ಸೀಮೆಯ ಅರಳಗುಂಡಗಿಯಲ್ಲಿ 1746ರಲ್ಲಿ ಹುಟ್ಟಿ, ದಾಸೋಹಕ್ಕೆ ಹೆಸರಾಗಿ, 1822ರಲ್ಲಿ ಕಲಬುರಗಿಯಲ್ಲಿ ಲಿಂಗೈಕ್ಯರಾದ ಶರಣಬಸಪ್ಪನ ತೇರು ಹೋಳಿಹುಣ್ಣಿಮೆ ಆಗಿ ಐದನೇ ದಿನಕ್ಕೆ ಎಳೆಯುತ್ತಾರೆ. ದಿನ ನೋಡಿ ಇಟ್ಟಂತಿದೆ. ಅಷ್ಟೊತ್ತಿಗೆ ತೊಗರಿ ರಾಶಿ ಮುಗಿದು ಅಡತಿ ಅಂಗಡಿಯಿಂದ ರೊಕ್ಕ ಬಂದಿರುತ್ತದೆ, ಜೋಳವೂ ಮನೆ ಸೇರುವ ಹೊತ್ತು. ವರ್ಷದಲ್ಲಿ ಅಪ್ಪಂದಿರ ಕಿಸೆಗೆ ಮಕ್ಕಳು ಧೈರ್ಯವಾಗಿ ಕೈ ಹಾಕಬಹುದಾದ ಹೊತ್ತೆಂದರೆ ಅದೊಂದೇ. ಪರುಷ ಬಟ್ಟಲು ತೋರಿಸಿದ ಮೇಲೆ ತೇರು ಕದಲಿ, ಮಂದಿ ಖಾರೀಕು, ಬಾಳೆಹಣ್ಣು ತೂರಿ ಕೈಮುಗಿಯುವ ತನಕ ದೊಡ್ಡವರ ಜಾತ್ರೆ. ಮಕ್ಕಳ ಜಾತ್ರೆ ತೇರಿಗೆ ಬೆನ್ನು ಹಾಕಿದ ಕಡೆ ಇರುತ್ತದೆ: ತೊಟ್ಟಿಲು, ಸಾವಿನ ಬಾವಿ, ಮಿರ್ಚಿ ಭಜಿ, ಬೆಂಡು ಬತ್ತಾಸು, ಬಳೆ ಸಾಲು.

ನಮ್ಮ ಪಾರ್ಕಿಗೆ ಗೇಟೂ ಇಲ್ಲ, ಒಳಗೆ ಹೋಗಲು ಟಿಕೇಟೂ ಇಲ್ಲ. ಒಂದೇ ಕಡೆ ನಿಲ್ಲುವ ಚಾಳಿಯಂತೂ ಇಲ್ಲವೇ ಇಲ್ಲ. ಸಂಕ್ರಾಂತಿಗೆ ಸೊಲ್ಲಾಪುರದ ಸಿದ್ಧರಾಮನ ಗಡ್ಡೆ ಜಾತ್ರೆ, ಅಲ್ಲಿಗೆ ಆಳಂದ-ಅಫಜಲಪುರದ ಮಂದಿ ಬಸ್ಸು ತುಂಬಿಕೊಂಡು ಹೋಗುತ್ತಾರೆ. ದತ್ತ ಜಯಂತಿಗೆ ಗಾಣಗಾಪುರ. ಅಮವಾಸಿಗೆ ಭೀಮಾ ದಂಡೆಯ ಘತ್ತರಗಿ ಭಾಗ್ಯವಂತಿ. ಆಳಂದದಲ್ಲೇ ಲಾಡ್ಲೆ ಮಶಾಕರ ಉರುಸು. ಅಂಗಡಿ ಕಿತ್ತುಕೊಂಡು ಊರೂರು ಸುತ್ತುವ ಈ ಪಾರ್ಕಿನ ನೆನಪಿನ ಸಾಮಾನು ಕೂಡಿಹಾಕುವುದು ಎಂಥ ಕಷ್ಟ ಅಂತ ಮಾಮಾನನ್ನು ಕೇಳಬೇಕು. ಕೇಳಬೇಕಾಗಿಯೂ ಇಲ್ಲ, ಅವರೇ ಹೇಳುತ್ತಾರೆ. ಚಹಾ ಆರಿದರೂ ಬಿಡುವುದಿಲ್ಲ.

ಟ್ರಂಕಿನ ಒಂದನೇ ನಂಬರಿನ ಸಾಮಾನು ಒಂದು ಫೋಟೋ. ಉರುಸಿನ ಬಯಲಲ್ಲಿ ತಡಿಕೆ ಕಟ್ಟಿ ಹಾಕುತ್ತಿದ್ದ ಸ್ಟುಡಿಯೋದಲ್ಲಿ ತೆಗೆದದ್ದು. ಆ ಸ್ಟುಡಿಯೋಗಳಲ್ಲಿ ಪ್ಲೈವುಡ್ಡಿನ ಅರ್ಧಚಂದ್ರ ಇರುತ್ತಿತ್ತು, ಹೊಸ ಗಂಡ ಹೆಂಡತಿ ಅದರ ಕೊಕ್ಕೆಯಲ್ಲಿ ಕೂತು ಒಬ್ಬರನ್ನೊಬ್ಬರು ನೋಡದೆ ಫೋಟೋ ತೆಗೆಸಿಕೊಳ್ಳುತ್ತಿದ್ದರು. ರಟ್ಟಿನ ಮೋಟರ್ ಸೈಕಲ್ ಇರುತ್ತಿತ್ತು. ಎಲ್ಲಕ್ಕಿಂತ ತುಟ್ಟಿಯದು ವಿಮಾನ. ಮಾಮಾ ಮತ್ತು ಅವರ ಅಕ್ಕ, ಅಂದರೆ ನಮ್ಮವ್ವ, ಕೂತಿರುವುದು ವಿಮಾನದಲ್ಲಿ. ಕಿಡಕಿಯಲ್ಲಿ ಎಣ್ಣೆ ಹಚ್ಚಿ ಬಾಚಿದ ಎರಡು ತಲೆ, ರೆಕ್ಕೆಯ ಮೇಲೆ ಬಿಳಿ ಬಣ್ಣದ ನಕ್ಷತ್ರ, ಹಿಂದೆ ಪರದೆಯಲ್ಲಿ ಮೋಡ, ಮೋಡದ ನಡುವೆ ಯಾಕೋ ಒಂದು ತಾಜಮಹಲು. ಪೈಲಟ್ ಇರಬೇಕಾದ ಜಾಗದಲ್ಲಿ ಗುಲಾಬಿ ಹೂವಿನ ಕುಂಡ. ವಿಮಾನದ ಹೊಟ್ಟೆಯ ಕೆಳಗೆ, ಬೆಂಚಿನಿಂದ ಇಳಿಬಿದ್ದ ನಾಲ್ಕು ಬರಿಗಾಲು. ಯಾವ ಮಗುವೂ ನಗುತ್ತಿಲ್ಲ. ನಕ್ಕರೆ ಫೋಟೋ ಕೆಡುತ್ತದೆ, ಇನ್ನೊಂದಕ್ಕೆ ರೊಕ್ಕ ಇಲ್ಲ ಅಂತ ಮುತ್ಯಾ ಮೊದಲೇ ತಾಕೀತು ಮಾಡಿದ್ದನಂತೆ.

ಫೋಟೋದ ಹಿಂದೆ ‘ಆಳಂದ ಉರುಸು’ ಅಂತ ಇದೆ, ಇಸವಿ ಇಲ್ಲ. ರಿಜಿಸ್ಟರಿನ ಕಾಲಮು ಖಾಲಿ ಉಳಿದರೆ ಮಾಸ್ತರರಿಗೆ ನಿದ್ದೆ ಬಂದೀತೇ? ಕೊನೆಗೊಂದು ಯುಕ್ತಿ ಹೊಳೆಯಿತು. ಉರುಸು ಚಾಂದ್ರಮಾನದ ಲೆಕ್ಕದ್ದು. ಮುಸ್ಲಿಂ ಪಂಚಾಂಗದಲ್ಲಿ ಅಧಿಕಮಾಸ ಇಲ್ಲದ ಕಾರಣ ಅದು ವರ್ಷಕ್ಕೆ ಸುಮಾರು 11 ದಿನ ಹಿಂದೆ ಸರಿಯುತ್ತದೆ, ಸುಮಾರು 33 ವರ್ಷಕ್ಕೆ ಮಳೆ, ಚಳಿ, ಬಿಸಿಲು ಎಲ್ಲ ಸುತ್ತಿ ಮತ್ತೆ ಅಲ್ಲಿಗೇ ಬರುತ್ತದೆ. ಫೋಟೋದಲ್ಲಿ ಮಾಮಾ ಸ್ವೆಟರ್ ಹಾಕಿಕೊಂಡಿದ್ದಾರೆ. ಹಾಗಾದರೆ ಅದು ಚಳಿಗಾಲದ ಉರುಸು! ಮೂರು ದಿನ ಹಿಂದಕ್ಕೂ ಮುಂದಕ್ಕೂ ಎಣಿಸಿ ಇಸವಿ ಹಿಡಿದು ಬರೆದೂ ಬಿಟ್ಟರು. ಆಮೇಲೆ ನಮ್ಮವ್ವ ತವರಿಗೆ ಬಂದಳು, ಫೋಟೋ ನೋಡಿದಳು.

“ಆ ಸ್ವೆಟರ್ ಆವಾಗ ಹೊಸಾದಿತ್ತು. ಹೊಸಾದು ಅಂತ ಬ್ಯಾಸಗ್ಯಾಗೂ ಬಿಚ್ಚಲಿಲ್ಲ ಇವ. ಮೈಯೆಲ್ಲಾ ಬೆವರಸಾಲಿ ಎದ್ದಿತ್ತು, ಮರತೀಯೇನೋ?”

ಇಸವಿಯ ಕಾಲಮಿನಲ್ಲಿ ಈಗ ವೈಟ್ನರ್ ಇದೆ.

ಎರಡನೇ ನಂಬರು ಒಂದು ತಗಡಿನ ದೋಣಿ. ಮೇಣದ ಬತ್ತಿಯ ತುಣುಕು ಹಚ್ಚಿ ಬೋಗುಣಿ ನೀರಲ್ಲಿ ಬಿಟ್ಟರೆ ಪಟಪಟ ಅನ್ನುತ್ತ ಸುತ್ತುತ್ತದಲ್ಲ, ಅದು. ಒಳಗೆ ಯಂತ್ರವೂ ಇಲ್ಲ, ಕೀಲಿಯೂ ಇಲ್ಲ. ಹೆಬ್ಬೆರಳ ಉಗುರಿನಷ್ಟು ದೊಡ್ಡ ತಗಡಿನ ಡಬ್ಬಿ, ಅದರಿಂದ ಹಿಂದಕ್ಕೆ ಹೋದ ಎರಡು ಸಣ್ಣ ನಳಿಕೆ. ಡಬ್ಬಿಯ ನೀರು ಕಾದು ಉಗಿಯಾಗಿ ನಳಿಕೆಯ ನೀರನ್ನು ಹೊರಗೆ ದಬ್ಬುತ್ತದೆ, ದೋಣಿ ಮುಂದೆ ಹೋಗುತ್ತದೆ. ಉಗಿ ತಣಿದರೆ ಡಬ್ಬಿ ನೀರನ್ನು ಮತ್ತೆ ಒಳಗೆ ಎಳೆದುಕೊಳ್ಳುತ್ತದೆ. ಈ ದಬ್ಬಾಟ-ಎಳೆದಾಟದಲ್ಲಿ ಡಬ್ಬಿಯ ಮೇಲಿನ ತೆಳು ತಗಡು ಉಬ್ಬಿ ತಗ್ಗುವುದೇ ಆ ಪಟಪಟ ಸದ್ದು. 1891ರಲ್ಲಿ ಥಾಮಸ್ ಪಿಯೋ ಎಂಬುವನು ಇಂಗ್ಲೆಂಡಿನಲ್ಲಿ ಇದರ ಪೇಟೆಂಟು ಪಡೆದ. ನಮ್ಮ ಜಾತ್ರೆಗೆ ಬಂದ ದೋಣಿಗಳನ್ನು ಹಳೇ ಎಣ್ಣೆ ಡಬ್ಬಿಯ ತಗಡಿನಲ್ಲೇ ಮಾಡಿರುತ್ತಿದ್ದರು, ಒಳಗೆ ಇಣುಕಿದರೆ ಯಾವುದೋ ಡಾಲ್ಡಾದ ಅರ್ಧ ಹೆಸರು ಕಾಣುತ್ತಿತ್ತು.

ಮಾಮಾನ ದೋಣಿ ಫಳಫಳ ಅನ್ನುತ್ತದೆ. ಒಂದು ಸುಟ್ಟ ಕಲೆಯಿಲ್ಲ, ತುಕ್ಕಿಲ್ಲ. ಹೀಗೆ ಹೇಗೆ ಉಳಿಯಿತು ಅಂತ ಕೇಳಿದರೆ ಮಾಮಾನ ಮುಖ ಸಣ್ಣದಾಗುತ್ತದೆ. ಉತ್ತರ ಸರಳ: ಮುತ್ಯಾ ಆಡಲಿಕ್ಕೇ ಕೊಡಲಿಲ್ಲ. ‘ಮುರೀತದ, ದೊಡ್ಡಾಂವ ಆದ ಮ್ಯಾಲ ಆಡು’ ಅಂತ ಟ್ರಂಕಿನಲ್ಲಿಟ್ಟು ಕೀಲಿ ಹಾಕಿದ. ಮಾಮಾ ದೊಡ್ಡವರಾದರು, ಮಾಸ್ತರರಾದರು, ಪೆನ್ಶನ್ನೂ ಬಂತು. ಬೋಗುಣಿ ನೀರು ಮಾತ್ರ ಬರಲಿಲ್ಲ. ಈಗಂತೂ ಹಚ್ಚುವ ಹಾಗೇ ಇಲ್ಲ, ‘ಕಿಮ್ಮತ್ತು ಇಳೀತದ!’ ಬೆಂಗಳೂರಿನ ಸಂಗ್ರಹಕಾರರೂ ಇದನ್ನೇ ಹೇಳುತ್ತಾರೆ: ಮೂಲ ಪೆಟ್ಟಿಗೆ ಸಮೇತ, ಬಿಚ್ಚದೆ ಇದ್ದರೆ ದರ ಜಾಸ್ತಿ. ನನಗೆ ಅನಿಸುವುದೇ ಬೇರೆ. ಚೆನ್ನಾಗಿ ಉಳಿದ ಆಟಿಗೆ ಸಾಮಾನು ಎಲ್ಲೇ ಕಾಣಲಿ, ಅದರ ಹಿಂದೆ ಆಡಲು ಬಿಡದ ಒಬ್ಬ ಅಪ್ಪನೋ, ಜ್ವರ ಬಂದು ಮಲಗಿದ ಒಂದು ಕೂಸೋ ಇದ್ದೇ ಇರುತ್ತದೆ. ಮನದಣಿಯೆ ಆಡಿದವರ ಹತ್ತಿರ ತೋರಿಸಲು ಏನಿರುತ್ತದೆ? ಕೋಲು!

ಟ್ರಂಕಿನಲ್ಲಿ ಹಳೇ ಬಸ್ ಟಿಕೇಟಿನ ಕಟ್ಟೂ ಒಂದಿದೆ. ಅದರ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಆದರೆ ಅದರಲ್ಲೊಂದು ಮಜಾ ಇದೆ. ಊರು ಬಿಟ್ಟು ಕದಲದೆ ವಿಳಾಸ ಬದಲಿಸಿದವರು ನಾವು. 2014ರಲ್ಲಿ ಗುಲಬರ್ಗಾ ಕಲಬುರಗಿ ಆಯಿತು. 2019ರಲ್ಲಿ ಹೈದರಾಬಾದ್ ಕರ್ನಾಟಕ ಕಲ್ಯಾಣ ಕರ್ನಾಟಕ ಆಯಿತು. 2021ರಲ್ಲಿ ಈಶಾನ್ಯ ಸಾರಿಗೆಯ ಬಸ್ಸುಗಳ ಮೇಲೂ ಕಲ್ಯಾಣವೇ ಬಂದು ಕೂತಿತು. ಒಂದೊಂದು ಸರ್ಕಾರಿ ಆದೇಶ ಬಂದಾಗಲೂ ಮಾಮಾನ ಟ್ರಂಕಿನ ಕಾಗದಗಳಿಗೆ ರಾತ್ರೋರಾತ್ರಿ ವಯಸ್ಸಾಗುತ್ತದೆ. ಹಳೇದಾಗಲು ಇಷ್ಟು ಅನುಕೂಲವಿರುವ ಪ್ರದೇಶ ಇನ್ನೊಂದಿರಲಿಕ್ಕಿಲ್ಲ.

ಹೈದರಾಬಾದ್ ಅಂದೆನಲ್ಲ, ಮುತ್ಯಾನ ಪಾಲಿಗೆ ಅದೇ ರಾಜಧಾನಿ. ಉಸ್ಮಾನಿಯಾ ವಿಶ್ವವಿದ್ಯಾಲಯದ ಪದವೀಧರರು 1938ರಲ್ಲಿ ಶುರು ಮಾಡಿದ ನುಮಾಯಿಷ್ ಎಂಬ ಪ್ರದರ್ಶನ ನೋಡಿ ಬಂದವ ಅವ. ಅಲ್ಲಿಂದ ತಂದ ಪಿಂಗಾಣಿ ಕಪ್ಪಿಗೆ ಈಗ ಹಿಡಿಕೆ ಇಲ್ಲ. ನಾವು ಚಿಕ್ಕವರಿದ್ದಾಗ ಶರಣಬಸಪ್ಪನ ಜಾತ್ರೆಯಿಂದ ಕುಣಿಯುತ್ತ ಬಂದರೆ ಮುತ್ಯಾ ಮೂಗು ಮುರಿಯುತ್ತಿದ್ದ: “ಇದೇನ್ ಜಾತ್ರಿ? ಆಗಿನ ನುಮಾಯಿಷ್ ನೋಡಬೇಕಿತ್ತು ನೀವು.” ಈಗ ಮಾಮಾ ಹೇಳುತ್ತಾರೆ: “ಆಗಿನ ಜಾತ್ರಿ ಈಗೆಲ್ಲಿ? ಆವಾಗ ಮಿರ್ಚಿ ಭಜಿ ಇಷ್ಟುದ್ದ ಇರ್ತಿತ್ತು.” ಭಜಿ ಈಗಲೂ ಅಷ್ಟೇ ಉದ್ದ ಇದೆ ಮಾಮಾ, ಕೈ ದೊಡ್ಡದಾಗಿದೆ. ಇದನ್ನು ಅವರೆದುರು ಹೇಳಿ ನೋಡಿ, ಅಂದು ನಿಮಗೆ ಊಟ ಇಲ್ಲ.

ಮಾಮಾನ ಆಸೆ ಚಿಲ್ಲರೆ ಸಾಮಾನಿಗೇ ನಿಂತಿದ್ದರೆ ಬೇಡ ಅನ್ನುತ್ತಿರಲಿಲ್ಲ. ಅವರ ಕಣ್ಣು ತೊಟ್ಟಿಲ ಮೇಲೂ ಬಿತ್ತು. ಲೋಕಕ್ಕೆ ಹೆಸರಾದ ದೊಡ್ಡ ತೊಟ್ಟಿಲನ್ನು ಜಾರ್ಜ್ ಫೆರಿಸ್ ಎಂಬ ಇಂಜಿನಿಯರು 1893ರ ಶಿಕಾಗೋ ಪ್ರದರ್ಶನಕ್ಕೆ ಕಟ್ಟಿದ. 264 ಅಡಿ ಎತ್ತರ, 36 ಡಬ್ಬಿ, ಒಂದೇ ಸಲಕ್ಕೆ 2,160 ಮಂದಿ. 1906ರಲ್ಲಿ ಅದನ್ನು ಡೈನಮೈಟ್ ಇಟ್ಟು ಕೆಡವಿ ಗುಜರಿಗೆ ಹಾಕಿದರು. ನಮ್ಮ ಹಳೇ ಕಟಗಿ ತೊಟ್ಟಿಲಿಗೆ ನಾಲ್ಕೇ ಡಬ್ಬಿ, ಇಬ್ಬರು ಗಟ್ಟಿ ಆಳುಗಳು ಕೈಯಿಂದ ತಿರುಗಿಸುತ್ತಿದ್ದರು, ಕರ್ರ್ ಎಂಬ ಅದರ ಸದ್ದು ಭಜಿ ಅಂಗಡಿಗೂ ಕೇಳುತ್ತಿತ್ತು. ಅಂಥದ್ದೊಂದು ಒಂದು ಸಣ್ಣ ಜಾತ್ರೆಯಲ್ಲಿ ಕಂಡದ್ದೇ ತಡ, ಮಾಮಾ ಮಾಲೀಕನ ಬೆನ್ನು ಹತ್ತಿದರು. ‘ಒಂದು ಡಬ್ಬಿ ಕೊಡು, ಹಳೇ ಕಾಲದ್ದು, ಜೋಪಾನ ಮಾಡ್ತೀನಿ’ ಅಂತ. ಅವ ಬೀಡಿ ಆರಿಸಿ ತಿರುಗಿ ನೋಡಿದ.

“ಹಳೇದು ಅಂತ ಯಾರಂದ್ರ್ರಿ ಸರ? ನಾಳಿ ಮುಂದಿನೂರಾಗ ತಿರುಗಬೇಕು ಇದು. ಕೂಡ್ತೀರೇನ್ ಹೇಳ್ರಿ, ಮಾಸ್ತರ್ ಅಂತ ಅರ್ಧ ರೇಟ್ ತಗೋತೀನಿ.”

ಮಾಮಾ ಕೂಡಲಿಲ್ಲ. ತಲೆ ಸುತ್ತುತ್ತದಂತೆ.

ಬೆಂಗಳೂರಿನಲ್ಲಿರುವ ಮಾಮಾನ ಮೊಮ್ಮಕ್ಕಳ ಕಥೆ ಬೇರೆ. 1996ರಲ್ಲಿ ಹೈದರಾಬಾದಿನ ರಾಮೋಜಿ ಫಿಲ್ಮ್ ಸಿಟಿ ಬಂತು, 2005ರಲ್ಲಿ ಬಿಡದಿ ಹತ್ತಿರ ವಂಡರ್‌ಲಾ ಬಂತು. ಶಾಲೆಯ ಟ್ರಿಪ್ಪುಗಳು ಆ ಕಡೆ ತಿರುಗಿದವು. ಅಲ್ಲಿಂದ ಬರುವ ನೆನಪು ಫ್ರಿಜ್ಜಿಗೆ ಅಂಟಿಸುವ ಮ್ಯಾಗ್ನೆಟ್ಟು, ಇಲ್ಲವೇ ಬಾಯಿ ತೆರೆದು ಚೀರುತ್ತಿರುವ ಫೋಟೋ. ಮುತ್ಯಾ ಇದ್ದಿದ್ದರೆ ಅದನ್ನು ನೋಡಿ ಒಂದೇ ಮಾತು ಕೇಳುತ್ತಿದ್ದ: ‘ಹೆದರಿದ ಮಾರಿಗಿ ರೊಕ್ಕ ಕೊಟ್ಟು ಬಂದ್ರೇನೋ?’

ಇನ್ನು ಉಳಿದದ್ದು ನಮ್ಮ ಆಯಿ. ಮಾಮಾನ ತಾಯಿ. ಟ್ರಂಕಿನ ವ್ಯವಹಾರಕ್ಕೆ ಅವಳು ಯಾವತ್ತೂ ಬಾಯಿ ಹಾಕಿದವಳಲ್ಲ. ಆದರೆ ಅವಳ ಎಡ ಮುಂಗೈ ಮೇಲೊಂದು ಚೇಳಿದೆ. ಘತ್ತರಗಿಯಲ್ಲಿ, ಒಂದು ಅಮವಾಸಿಯ ದಿನ, ಮದುವೆಯಾದ ಹೊಸದರಲ್ಲಿ ಹಾಕಿಸಿಕೊಂಡ ಹಚ್ಚೆ. ಆಗ ಬ್ಯಾಟರಿ ಮಷಿನ್ ಇರಲಿಲ್ಲ. ಹಚ್ಚಿ ಹಾಕುವಾಕೆ ಮೂರು ನಾಲ್ಕು ಸೂಜಿ ಕೂಡಿಸಿ ದಾರ ಸುತ್ತಿ, ಕಾಡಿಗೆಯಲ್ಲಿ ಅದ್ದಿ, ಹಾಡು ಹೇಳುತ್ತ ಚುಚ್ಚುತ್ತಿದ್ದಳಂತೆ. ನೋವು ಮರೆಯಲಿ ಅಂತ ಹಾಡು. ಈಗ ಚರ್ಮ ಸಡಿಲಾಗಿ ಚೇಳಿನ ಕೊಂಡಿ ಸ್ವಲ್ಪ ಸೊಟ್ಟಗಾಗಿದೆ, ಬಣ್ಣ ಹಸಿರಿಗೆ ತಿರುಗಿದೆ. ಮನೆಯಲ್ಲಿರುವ ಜಾತ್ರೆಯ ಸಾಮಾನುಗಳಲ್ಲಿ ಎಲ್ಲಕ್ಕಿಂತ ಹಳೆಯದು ಅದೇ ಅಂತ ಮಾಮಾನಿಗೆ ಹೊಳೆಯಲು ಇಷ್ಟು ವರ್ಷ ಹಿಡಿಯಿತು. ಹೊಳೆದದ್ದೇ ತಡ, ರಿಜಿಸ್ಟರು, ಸ್ಕೇಲು, ಮೊಬೈಲು ಹಿಡಿದು ಅವಳ ಮಂಚದ ಮೇಲೆ ಹೋಗಿ ಕೂತರು.

“ಅವ್ವಾ, ಕೈ ಚಾಚು. ಅಳತಿ ತಗೋಬೇಕು.”

“ಯಾಕೋ, ಬಳಿ ತರ್ಲಕ ಹೊಂಟೀಯೇನು?”

“ಬಳಿ ಅಲ್ಲವ್ವಾ, ಚೇಳು. ಎಷ್ಟು ಕೊಟ್ಟಿದ್ದಿ ಇದಕ್ಕ?”

“ಎರಡಾಣೆ. ನಿಮ್ಮಪ್ಪ ಮನಿ ಮುಟ್ಟೋ ತನಕ ಒದರಿದ.” ಆಯಿ ಕನ್ನಡಕ ಏರಿಸಿ ರಿಜಿಸ್ಟರು ನೋಡಿದಳು. “ಇದ್ರಾಗ ಬರದ್ರ ಸಾಮಾನು ನಿಂದಾಗ್ತದೇನು?”

“ಸಂಗ್ರಹಕ್ಕ ಸೇರ್ತದವ್ವಾ.”

“ಹಂಗಿದ್ರ ಪೂರಾ ಸೇರಿಸ್ಕೋ. ಅದಾ ಕೈಯಾಗ ಮಣಕಟ್ಟು ನೋಯ್ಲಕತ್ತಾದ, ಮ್ಯಾಲ ರಟ್ಟಿ ಹಿಡದಾದ. ಬರೀ ಚೇಳು ಒಯ್ದು ಉಳದದ್ದು ನನಗ ಬಿಡಬ್ಯಾಡ. ಮೊದಲು ಆ ಎಣ್ಣಿ ತಗೊಂಡು ತಿಕ್ಕು.”

ಮಾಮಾ ಅರ್ಧ ಗಂಟೆ ತಿಕ್ಕಿದರು. ಆಮೇಲೆ ಕೈ ಒರೆಸಿಕೊಂಡು ರಿಜಿಸ್ಟರಿನಲ್ಲಿ ಬರೆದರು: ಚೇಳು, ಘತ್ತರಗಿ, ಸುಸ್ಥಿತಿ, ಮಾಲೀಕರ ಸ್ವಾಧೀನದಲ್ಲಿದೆ. ಪುಟದ ಮೇಲೆ ಎಣ್ಣೆಯ ಹೆಬ್ಬೆರಳ ಗುರುತು ಬಿದ್ದಿದೆ. ಅದನ್ನು ನೋಡಿ ಅತ್ತಿ, “ಸಹಿನೂ ಆತಲ್ಲ, ಏಳ್ರಿ ಊಟಕ್ಕ,” ಅಂದಳು.